ಎದೆಯೆಂಬ ಗೂಡು

ಶಹಾಪುರದ ಬೆಟ್ಟಸಾಲನ್ನು ದೂರದಿಂದ ಕಂಡವರು ಅದನ್ನು ಮಲಗಿದ ಬುದ್ಧನೆಂದು ಕರೆಯುತ್ತಾರೆ. ಮುಖ, ಅದರಾಚೆ ಏರಿ ನಿಂತ ಎದೆ, ಎಲ್ಲವನ್ನೂ ಬಂಡೆಗಳೇ ಬರೆದಿವೆ. ನಾನು ವೈದ್ಯ, ನನ್ನ ಕಣ್ಣು ಮೊದಲು ಎದೆಯ ಮೇಲೆಯೇ ನಿಲ್ಲುತ್ತದೆ. ಅದು ಏರುವುದಿಲ್ಲ, ಇಳಿಯುವುದಿಲ್ಲ. ನಮ್ಮ ಎದೆಗಾದರೋ ಬಿಡುವೆಂಬುದೇ ಇಲ್ಲ. ದಿನಕ್ಕೆ 21,600 ಉಸಿರೆಂದು ನಮ್ಮ ಯೋಗಶಾಸ್ತ್ರದವರು ಲೆಕ್ಕ ಹಾಕಿದ್ದರು. ಎಂದರೆ ನಿಮಿಷಕ್ಕೆ 15. ಬೆಳೆದವರು ವಿಶ್ರಾಂತಿಯಲ್ಲಿದ್ದಾಗ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆನ್ನುವ ಇಂದಿನ ವೈದ್ಯಶಾಸ್ತ್ರಕ್ಕೂ ಆ ಎಣಿಕೆಗೂ ಜಗಳವಿಲ್ಲ.

ಇಂಗ್ಲಿಷಿನವರು ಇದನ್ನು ಪಂಜರವೆಂದರು. ಕನ್ನಡಿಗರು ಎದೆಗೂಡು ಎಂದರು. ನನಗೆ ನಮ್ಮ ಮಾತೇ ಹೆಚ್ಚು ಸರಿಯೆನಿಸುತ್ತದೆ. ಪಂಜರದ ಸರಳು ಬಾಗಿದರೆ ಪಂಜರ ಕೆಟ್ಟಂತೆ. ಹಕ್ಕಿಯ ಗೂಡಿನ ಕಡ್ಡಿಗಳು ಬಾಗಬಲ್ಲವಾದ್ದರಿಂದಲೇ ಗೂಡು ಗಾಳಿಗೆ ನಿಲ್ಲುತ್ತದೆ.

ಬೆನ್ನೆಲುಬಿನ 12 ಮಣಿಗಳಿಂದ 12 ಜೊತೆ ಪಕ್ಕೆಲುಬುಗಳು ಹೊರಟು ಮುಂದಕ್ಕೆ ಬಳಸಿ ಬರುತ್ತವೆ. ಮೇಲಿನ 7 ಜೊತೆ ನೇರವಾಗಿ ಎದೆಮೂಳೆಯನ್ನು ಸೇರುತ್ತವೆ. ಅನಂತರದ 3 ಜೊತೆ ತಮ್ಮ ಮೇಲಿನವುಗಳಿಗೆ ಆತುಕೊಳ್ಳುತ್ತವೆ. ಕೊನೆಯ 2 ಜೊತೆ ಮುಂದೆ ಯಾವುದಕ್ಕೂ ಅಂಟದೆ ಸ್ನಾಯುಗಳ ನಡುವೆಯೇ ಮುಗಿಯುತ್ತವೆ. ಎದೆಮೂಳೆಯನ್ನು ಸೇರುವ ತುದಿಯಲ್ಲಿ ಇರುವುದು ಮೂಳೆಯಲ್ಲ, ಮೃದ್ವಸ್ಥಿ. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ನೋಡಿದರೆ ಅದರ ಗುಣ ತಿಳಿಯುತ್ತದೆ. ಈ ಗೂಡು ಹೃದಯವನ್ನೂ ಶ್ವಾಸಕೋಶಗಳನ್ನೂ ಕಾಯುತ್ತದೆಂದು ಎಲ್ಲರೂ ಬಲ್ಲರು. ಹೊಟ್ಟೆಯ ಪಾಲಿನವೆಂದು ನಾವು ತಿಳಿದಿರುವ ಯಕೃತ್ತು, ಗುಲ್ಮಗಳಿಗೂ ಇದರ ಕೆಳಗಿನ ಸಾಲೇ ಸೂರು. ಈ ಮೂಳೆಗಳ ಮಜ್ಜೆಯಲ್ಲಿ ರಕ್ತಕಣಗಳು ಹುಟ್ಟುತ್ತವೆಂಬುದನ್ನು ಹೇಳಿ ಮುಂದಕ್ಕೆ ಸಾಗುತ್ತೇನೆ.

1840ರ ದಶಕದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಆ ಸೀಮೆಯ ಪ್ರಾಚೀನ ಕಲ್ಲುಗೋರಿಗಳನ್ನು ಅಗೆಸಿ, ಅಲ್ಲಿ ದೊರೆತ ಅಸ್ಥಿಗಳ ವಿಚಾರ ಬರೆದಿಟ್ಟಿದ್ದಾರೆ. ರಾಜನಕೋಳೂರಿನಲ್ಲಿ ಅಂಥ ಕಲ್ಲುಮನೆಗಳನ್ನು ಇಂದಿಗೂ ಕಾಣಬಹುದು. ಹಳೆಯ ಗೋರಿಗಳಲ್ಲಿ ತಲೆಬುರುಡೆ, ತೊಡೆಯ ಮೂಳೆ ಆಕಾರ ಉಳಿಸಿಕೊಂಡಿದ್ದರೂ ಎದೆಗೂಡು ಮಾತ್ರ ಕುಸಿದು ಚಪ್ಪಟೆಯಾಗಿರುತ್ತದೆ. ಮೃದ್ವಸ್ಥಿಯೂ ಸ್ನಾಯುವೂ ಮಣ್ಣಾದ ಮೇಲೆ ಅದನ್ನು ಎತ್ತಿ ಹಿಡಿಯುವವರಿಲ್ಲ. ಗೂಡನ್ನು ಗೂಡಾಗಿಸಿದ್ದು ಅದರ ಮೆತ್ತಗಿನ ಭಾಗ.

ಆ ಮೆತ್ತಗಿನ ಭಾಗವಿರುವುದರಿಂದಲೇ ಗೂಡು ಚಲಿಸುತ್ತದೆ. ಬಕೀಟಿನ ಹಿಡಿಕೆ ಒಂದು ಬದಿಗೆ ವಾಲಿ ಬಿದ್ದಿದೆ ಎಂದುಕೊಳ್ಳಿ. ಅದನ್ನು ಎತ್ತಿದರೆ ಹೊರಕ್ಕೆ ಸರಿದು ಮೇಲೇರುತ್ತದೆ. ಕೆಳಗಿನ ಪಕ್ಕೆಲುಬುಗಳು ಏರುವುದು ಹೀಗೆ. ಎದೆಯ ಅಗಲ ಹೆಚ್ಚುತ್ತದೆ. ಮೇಲಿನವು ಬೋರಿಂಗಿನ ಹಿಡಿಯಂತೆ ಎದೆಮೂಳೆಯನ್ನು ಮುಂದಕ್ಕೆ ಎತ್ತುತ್ತವೆ. ಗೂಡಿನ ತಳಕ್ಕೆ ಹಾಸಿದ ವಪೆಯೆಂಬ ಸ್ನಾಯುವಿನ ಪರದೆ ಕೆಳಕ್ಕೆ ಇಳಿಯುತ್ತದೆ. ಒಳಗಿನ ಜಾಗ ಹಿಗ್ಗುತ್ತದೆ, ಹೊರಗಿನ ಗಾಳಿ ತಾನಾಗಿ ನುಗ್ಗುತ್ತದೆ. ಸುಮ್ಮನೆ ಕುಳಿತಾಗ ಸುಮಾರು ಅರ್ಧ ಲೀಟರು. ನಾವು ಗಾಳಿಯನ್ನು ಎಳೆಯುತ್ತೇವೆನ್ನುವುದು ಬರೀ ಮಾತಿನ ರೂಢಿ. ನಾವು ಮಾಡುವುದು ಜಾಗವನ್ನು ಮಾತ್ರ. ಯಾದಗಿರಿಯ ಕೋಟೆ ಹತ್ತಿದವರು ಮೇಲೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುವಾಗ ಕುತ್ತಿಗೆಯ ಸ್ನಾಯುಗಳೂ ಈ ದುಡಿಮೆಗೆ ಕೈ ಹಚ್ಚುತ್ತವೆ.

ಎಳೆಯ ಕೂಸಿನ ಎದೆ ಹೀಗಲ್ಲ. ಅದರ ಪಕ್ಕೆಲುಬುಗಳು ನಮ್ಮವುಗಳಂತೆ ಕೆಳಕ್ಕೆ ವಾಲಿರದೆ ಬಹುಮಟ್ಟಿಗೆ ಅಡ್ಡವಾಗಿರುತ್ತವೆ. ಹಿಡಿಕೆ ಆಗಲೇ ಮೇಲಿದ್ದರೆ ಇನ್ನೆಲ್ಲಿಗೆ ಎತ್ತುವುದು? ಕೂಸಿನ ಉಸಿರಾಟ ಹೆಚ್ಚಾಗಿ ವಪೆಯನ್ನೇ ನಂಬಿದೆ. ನ್ಯುಮೋನಿಯಾದಿಂದ ಶ್ವಾಸಕೋಶ ಬಿಗಿದಾಗ ವಪೆ ಬಲವಾಗಿ ಜಗ್ಗುತ್ತದೆ; ಆ ಸೆಳೆತಕ್ಕೆ ಮೆತ್ತಗಿನ ಗೂಡೇ ಒಳಕ್ಕೆ ಕುಗ್ಗುತ್ತದೆ. ಉಸಿರೆಳೆದಾಗ ಹಿಗ್ಗಬೇಕಾದ ಎದೆಯ ಕೆಳಭಾಗ ಗುಳಿ ಬೀಳುತ್ತದೆ. "ಕೂಸಿನ ಪಕ್ಕಿ ಒಳಗ ಜಗ್ಗಲಕತ್ತಾವ್ರೀ" ಎಂದು ನಮ್ಮ ಸೀಮೆಯ ತಾಯಿ ಹೇಳಿದರೆ, ಸ್ಟೆತಾಸ್ಕೋಪು ಕಿವಿಗೇರುವ ಮೊದಲೇ ರೋಗದ ಅರ್ಧ ವಿವರ ವೈದ್ಯನ ಮುಂದೆ ಬಂದಂತಾಯಿತು.

ಈ ಗುಳಿಯನ್ನು ಕಂಡು ನಮ್ಮ ನಾಡಿನ ಹಲವೆಡೆ ಎದೆ, ಹೊಟ್ಟೆಗಳ ಮೇಲೆ ಬರೆ ಹಾಕುವ ರೂಢಿಯಿತ್ತು, ಪೂರ್ತಿ ಅಳಿದಿಲ್ಲ. ಕಂಡದ್ದು ಸರಿಯೇ, ಮಾಡಿದ್ದು ಘೋರ. ಸುಟ್ಟ ನೋವಿಗೆ ಕೂಸು ಇನ್ನೂ ಮೇಲುಮೇಲಿನ ಉಸಿರಾಡುತ್ತದೆ. ಬರೆಯ ಹುಣ್ಣು ಕೀವಾಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಆಸ್ಪತ್ರೆಯ ದಾರಿ ಹಿಡಿಯಬೇಕಾದ ಹೊತ್ತು ಕಳೆದುಹೋಗುತ್ತದೆ.

ಕೇಳುತ್ತಿರುವ ತಾಯಂದಿರೇ, ಕೂಸು ಅಳದೆ, ಹಾಲು ಕುಡಿಯದೆ ಸುಮ್ಮನಿರುವಾಗ ಅದರ ಅಂಗಿಯೆತ್ತಿ, ಗಡಿಯಾರ ಮುಂದಿಟ್ಟುಕೊಂಡು ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಿರಿ. 2 ತಿಂಗಳೊಳಗಿನ ಕೂಸಿಗೆ 60, ಅಲ್ಲಿಂದ ವರ್ಷ ತುಂಬುವವರೆಗೆ 50, ಆಮೇಲೆ 5 ವರ್ಷದವರೆಗೆ 40. ಎಣಿಕೆ ಅಷ್ಟಾದರೂ, ಅದನ್ನು ಮೀರಿದರೂ, ಎಣಿಕೆ ಎಷ್ಟೇ ಇದ್ದು ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೂ ವೈದ್ಯರಲ್ಲಿಗೆ ಹೊರಡಿರಿ, ರಾತ್ರಿಯಾದರೆ ರಾತ್ರಿಯೇ.