ಕಡಲ ಬದಿಯಲ್ಲಿ ಟೆಂಟಿಗೊಂದು ಜಾಗ

ದೀಪಾವಳಿ ಕಳೆದು ಬೆಳಗಿನ ಗಾಳಿಗೆ ಚಳಿ ಸೇರಿತೆಂದರೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಿಂದ ಜನ ಕರಾವಳಿಯತ್ತ ಹೊರಡುತ್ತಾರೆ. ಹಿಂದೆ ಹೀಗೆ ಬಂದವರು ದೇವಸ್ಥಾನದ ಛತ್ರದಲ್ಲೋ ಲಾಡ್ಜಿನಲ್ಲೋ ಇಳಿದುಕೊಂಡು, ಸಂಜೆ ಕಡಲು ನೋಡಿ ಮರಳುತ್ತಿದ್ದರು. ಈಗ ಅಲೆಯ ಸದ್ದು ಕೇಳುತ್ತಲೇ ಮಲಗಬೇಕು, ಟೆಂಟಿನ ಪರದೆ ಸರಿಸಿದರೆ ಎದುರಿಗೆ ನೀರೇ ಕಾಣಬೇಕು ಎಂಬ ಆಸೆ ಬಹಳ ಜನಕ್ಕಿದೆ. ಆಸೆ ಒಳ್ಳೆಯದೇ. ನಾಲ್ಕು ಗೋಡೆಯ ಕೋಣೆಯಲ್ಲಿ ಸಿಗದ ಸುಖ ಅದರಲ್ಲಿದೆ. ಆದರೆ ಜಾಗ ಗೊತ್ತುಮಾಡುವಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ, “ಸಮುದ್ರಕ್ಕೆ ಎಷ್ಟು ಹತ್ತಿರ?” ಎಂಬುದು. ಅದನ್ನು ಸ್ವಲ್ಪ ತಿರುಗಿಸಿ ಕೇಳಿ ಎಂದು ಹೇಳುವುದಕ್ಕೇ ನಾನಿಂದು ನಿಮ್ಮ ಮುಂದೆ ಬಂದಿದ್ದೇನೆ. ನೀರು ತೀರಾ ಮೇಲೇರಿದ ಹೊತ್ತಿನಲ್ಲಿ ಅದಕ್ಕೂ ಟೆಂಟಿಗೂ ನಡುವೆ ಎಷ್ಟು ಜಾಗ ಉಳಿದಿರುತ್ತದೆ? ಕೇಳಬೇಕಾದದ್ದು ಇದನ್ನು.

ಬಯಲುಸೀಮೆಯವರಿಗೆ ಕಡಲೆಂದರೆ ಇದ್ದಲ್ಲೇ ಇರುವ ನೀರು. ಕರಾವಳಿಯವರಿಗೆ ಅದು ದಿನಕ್ಕೆರಡು ಸಲ ಬಂದುಹೋಗುವ ನೀರು. ಉಬ್ಬರ ಎನ್ನಿ, ಭರತ ಎನ್ನಿ, ಅದು ದಿನವೂ ಸುಮಾರು ಐವತ್ತು ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ನಮ್ಮ ತೀರದಲ್ಲಿ ಆ ದಿನಗಳ ಏರಿಳಿತ ಒಂದೂವರೆಯಿಂದ ಎರಡು ಮೀಟರಿನಷ್ಟು. ಕೇಳುವುದಕ್ಕೆ ಇದು ಹೆಚ್ಚೇನಲ್ಲ. ಆದರೆ ಮರಳು ಮೂವತ್ತು ಅಡಿಗೆ ಒಂದಡಿಯಂತೆ ಇಳಿಜಾರಾಗಿದ್ದರೆ, ನೀರು ಒಂದೂವರೆ ಮೀಟರು ಮೇಲೇರುವಷ್ಟರಲ್ಲಿ 45 ಮೀಟರು ಮುಂದೆ ಬಂದಿರುತ್ತದೆ. ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ ನೋಡುತ್ತಾ ಟೆಂಟು ಹಾಕುವವರಿಗೆ ಕಾಣುವುದು, ಹೆಚ್ಚಿನ ಹುಣ್ಣಿಮೆ ಅಮಾವಾಸ್ಯೆಗಳಲ್ಲಿ, ಇಳಿದ ಕಡಲು. ನೀರು ಏರುವುದು ನಡುರಾತ್ರಿಯ ಹೊತ್ತಿಗೆ, ಎಲ್ಲರೂ ನಿದ್ದೆಹೋದ ಮೇಲೆ. ಬೆಳದಿಂಗಳಲ್ಲಿ ಕಡಲು ನೋಡಬೇಕೆಂದು ಹುಣ್ಣಿಮೆಯನ್ನೇ ಆರಿಸಿಕೊಂಡು ಬರುವವರು ಇದನ್ನು ಲೆಕ್ಕದಲ್ಲಿಟ್ಟುಕೊಳ್ಳಬೇಕು.

ನೀರು ಎಲ್ಲಿಯವರೆಗೆ ಬರುತ್ತದೆ ಎಂದು ತಿಳಿಯಲು ಯಂತ್ರವೇನೂ ಬೇಕಿಲ್ಲ. ನೀರಿನಂಚಿನಿಂದ ಮೇಲಕ್ಕೆ, ಭೂಮಿಯ ಕಡೆಗೆ, ನಿಧಾನವಾಗಿ ನಡೆದು ನೋಡಿ. ಮೊದಲು ಗಟ್ಟಿಯಾದ ಒದ್ದೆ ಮರಳು. ಆಮೇಲೆ ಕಪ್ಪೆಚಿಪ್ಪಿನ ಚೂರು, ಕಡಲಕಳೆ, ಕಡ್ಡಿ, ಬಲೆಯ ತುಂಡು, ಪ್ಲಾಸ್ಟಿಕ್ ಬಾಟಲಿಗಳು ಒಂದು ಗೆರೆಯಾಗಿ ಬಿದ್ದಿರುತ್ತವೆ. ಅದು ನಿನ್ನೆ ಮೊನ್ನೆಯ ಉಬ್ಬರ ಬಿಟ್ಟುಹೋದ ಗುರುತು. ಇನ್ನೂ ಮೇಲೆ ಹೋದರೆ ಅಂಥದೇ ಇನ್ನೊಂದು ಗೆರೆ, ಒಣಗಿದ್ದು, ಅರ್ಧ ಮರಳಲ್ಲಿ ಹೂತದ್ದು. ಕಳೆದ ದೊಡ್ಡ ಉಬ್ಬರ ತಲುಪಿದ ಜಾಗ ಅದು. ಅದನ್ನೂ ದಾಟಿದಾಗ ಮರಳಿನ ಮೇಲೆ ಹರಡಿದ ಬಳ್ಳಿ ಸಿಗುತ್ತದೆ. ಎಲೆ ಆಡಿನ ಗೊರಸಿನ ಹಾಗೆ ನಡುವೆ ಸೀಳಿದ್ದು, ಹೂವು ನಸುನೇರಳೆ, ಆಲಿಕೆಯ ಆಕಾರ. ಅಡುಂಬು ಬಳ್ಳಿ ಎನ್ನುತ್ತಾರೆ. ಉಪ್ಪುಗಾಳಿಯನ್ನು ಅದು ತಾಳಿಕೊಳ್ಳುತ್ತದೆ. ಅಲೆ ಮತ್ತೆ ಮತ್ತೆ ಬಡಿಯುವ ಕಡೆ ಬೇರೂರುವುದಿಲ್ಲ. ಅದು ದಟ್ಟವಾಗಿ ಹಬ್ಬಿದೆ ಎಂದರೆ ಈ ವರ್ಷ ಕಡಲು ಅಲ್ಲಿಗೆ ಬಂದಿಲ್ಲ ಎಂದು ತಿಳಿಯಬಹುದು. ಆ ಬಳ್ಳಿಯ ಹಿಂದೆ ಮರಳಿನ ದಿಬ್ಬ, ದಿಬ್ಬದ ಹಿಂದೆ ಗಾಳಿಮರದ ತೋಪು. ಟೆಂಟಿನ ಜಾಗ ದಿಬ್ಬದ ಹಿಂದೆಯೇ ಇರಬೇಕೆಂದು ನಾನು ಹೇಳುತ್ತೇನೆ. ಬಳ್ಳಿಯ ಮೇಲೇ ಟೆಂಟು ಹಾಕಿದರೆ ಮರಳನ್ನು ಹಿಡಿದಿಟ್ಟ ಬೇರು ಸಾಯುತ್ತದೆ, ಮುಂದಿನ ಮಳೆಗಾಲದಲ್ಲಿ ದಿಬ್ಬವೇ ಕರಗುತ್ತದೆ.

ಕಾಲದ ವಿಷಯಕ್ಕೆ ಬಂದರೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಡಲ ಬದಿಯ ಟೆಂಟಿನ ಮಾತೇ ಬೇಡ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ ಯಂತ್ರದ ದೋಣಿಗಳೂ ಮೀನುಗಾರಿಕೆಗೆ ಇಳಿಯುವಂತಿಲ್ಲ. ಮಲ್ಪೆಯಲ್ಲಿ ಮಳೆಗಾಲದುದ್ದಕ್ಕೂ ತೀರಕ್ಕೆ ಬಲೆ ಕಟ್ಟಿ ಜನರನ್ನು ತಡೆಯುತ್ತಾರೆ. ಮಳೆಗಾಲದ ದೊಡ್ಡ ಅಲೆಗಳು ದಂಡೆಯ ಮರಳನ್ನು ಕಡಲಿನೊಳಕ್ಕೆ ಎಳೆದೊಯ್ಯುತ್ತವೆ, ಶಾಂತವಾದ ಅಲೆಗಳು ಚಳಿಗಾಲದಲ್ಲಿ ಅದನ್ನು ಮರಳಿ ತರುತ್ತವೆ. ಅದೇ ಕಾರಣಕ್ಕೆ ಅಕ್ಟೋಬರಿನಲ್ಲಿ ಇಕ್ಕಟ್ಟಾಗಿ ಕಡಿದಾಗಿ ಕಂಡ ದಂಡೆ ಜನವರಿಯಲ್ಲಿ ಅಗಲವಾಗಿ ಹರಡಿರುತ್ತದೆ. ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗೆ ಒಳ್ಳೆಯ ದಿನಗಳು. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಸೆಕೆ ಒಂದು ಕಡೆ, ತೂಫಾನಿನ ಭಯ ಇನ್ನೊಂದು ಕಡೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನೆಲ ಮುಟ್ಟಿದ್ದು ದೂರದ ಗುಜರಾತಿನಲ್ಲಿ. ಆದರೂ ದಾರಿಯುದ್ದಕ್ಕೂ ನಮ್ಮ ಕರಾವಳಿಯ ಹಲವೆಡೆ ನೀರು ರಸ್ತೆಗೆ, ಮನೆಗಳಿಗೆ ನುಗ್ಗಿತು. ಇಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣ ಹಿಂದೂ ಮಹಾಸಾಗರದಲ್ಲೆಲ್ಲೋ ಎದ್ದ ಅಲೆಗಳು ಸಾವಿರಾರು ಕಿಲೋಮೀಟರು ಸಾಗಿ ಬಂದು ದಂಡೆ ಏರುವುದುಂಟು. ಹೈದರಾಬಾದಿನ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಇನ್‌ಕಾಯ್ಸ್ ಎಂದು ಕರೆಯುವ ಸಂಸ್ಥೆ, ಇಂಥ ಅಲೆಗಳ ಮುನ್ಸೂಚನೆಯನ್ನು ಜಿಲ್ಲೆವಾರು ಕೊಡುತ್ತದೆ. ಹೊರಡುವ ಹಿಂದಿನ ದಿನ ಅದನ್ನೊಮ್ಮೆ ನೋಡಿಕೊಳ್ಳಿ.

ಇನ್ನು ಊರುಗಳು. ಕರಾವಳಿ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಅರಬ್ಬೀ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ಕಣ್ಣಿಗೆ ಅಷ್ಟು ಚೆಂದದ ಜಾಗ ಬೇರೆ ಸಿಗಲಿಕ್ಕಿಲ್ಲ. ಆದರೆ ಅಲ್ಲಿ ಸುರಿದ ಕಪ್ಪು ಬಂಡೆಗಳನ್ನು ಗಮನಿಸಿ. ಮರವಂತೆಯಿರಲಿ, ಉಳ್ಳಾಲವಿರಲಿ, ತಡೆಗೋಡೆಗೆ ಕಲ್ಲು ಸುರಿದಿದ್ದಾರೆ ಎಂದರೆ ಅಲ್ಲಿ ಕಡಲ್ಕೊರೆತ ನಡೆದಿದೆ ಎಂದರ್ಥ. ಅಂಥ ಕಡೆ ನಿಂತು ನೋಡಿ, ಉಳಿಯುವುದಕ್ಕೆ ಬೇರೆಡೆ ಹೋಗಿ. ನದಿ ಕಡಲು ಸೇರುವ ಅಳಿವೆಯ ಬಾಯಿಯಲ್ಲಿ, ಕೋಡಿಬೆಂಗ್ರೆಯಂಥ ಮರಳ ನಾಲಿಗೆಗಳ ಮೇಲೆ, ಎರಡೂ ಬದಿ ನೀರು ಕಾಣುತ್ತದೆಂಬ ಆಕರ್ಷಣೆ ಇದೆ. ಆದರೆ ಅಳಿವೆ ನಿಂತಲ್ಲಿ ನಿಲ್ಲುವುದಿಲ್ಲ, ಅಲ್ಲಿನ ಮರಳು ವರ್ಷವರ್ಷಕ್ಕೂ ಆಕಾರ ಬದಲಿಸುತ್ತದೆ. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಸೇರಿ ಸೆಳೆತ ಬಲವಾಗುತ್ತದೆ. ಮಕ್ಕಳಿರುವ ಸಂಸಾರಕ್ಕೆ ಅಳಿವೆಯ ತುದಿ ಸರಿಯಾದ ಜಾಗವಲ್ಲ.

ಗೋಕರ್ಣದ್ದು ಬೇರೆಯೇ ಬಗೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್, ಒಂದೊಂದು ದಂಡೆಯ ನಡುವೆಯೂ ಕಡಲಿಗೆ ಚಾಚಿದ ಗುಡ್ಡದ ಮೂಗು. ಕೊನೆಯ ಎರಡಕ್ಕೆ ಗುಡ್ಡದ ಕಾಲುದಾರಿಯಲ್ಲಿ ನಡೆದು ಅಥವಾ ದೋಣಿಯಲ್ಲಿ ಹೋಗಬೇಕು. ಗದ್ದಲವಿಲ್ಲ, ವಾಹನವಿಲ್ಲ, ಹದಿಹರೆಯದವರ ಕನಸಿನ ಜಾಗ. ಆದರೆ ಹಿಂದೆ ಬಂಡೆ, ಮುಂದೆ ನೀರು, ನಡುವೆ ಇಷ್ಟೇ ಇಷ್ಟು ಮರಳು. ದೊಡ್ಡ ಉಬ್ಬರ ಬಂದರೆ ಹಿಂದೆ ಸರಿಯಲು ಸ್ಥಳವೆಷ್ಟಿದೆ, ರಾತ್ರಿ ಯಾರಿಗಾದರೂ ಹೊಟ್ಟೆನೋವು ಬಂದರೆ ಟಾರ್ಚು ಹಿಡಿದು ಆ ಗುಡ್ಡ ಹತ್ತಿಸುವವರು ಯಾರು ಎಂದು ಮೊದಲೇ ಯೋಚಿಸಬೇಕು. ವಯಸ್ಸಾದ ತಂದೆತಾಯಿ ಜೊತೆಗಿದ್ದರೆ ಕಾರವಾರದ ಬಳಿ, ಕಾಳಿ ನದಿಯ ಆಚೆ ದಡದ ದೇವಬಾಗದಂಥ ಸಮತಟ್ಟಾದ ಗಾಳಿಮರದ ತೋಪುಗಳೇ ಮೇಲು. ಕಾಸರಕೋಡು ಮತ್ತು ಪಡುಬಿದ್ರಿಯ ದಂಡೆಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಸಿಕ್ಕಿದೆ. ನೀರಿನ ಶುದ್ಧಿ, ಶೌಚಾಲಯ, ಜೀವರಕ್ಷಕರು, ಇವನ್ನೆಲ್ಲ ನೋಡಿಯೇ ಆ ಮನ್ನಣೆ ಕೊಡುತ್ತಾರೆ. ಆದರೆ ಅಂಥ ದಂಡೆಯ ಮೇಲೆ ಮನಸ್ಸಿಗೆ ಬಂದಲ್ಲಿ ಟೆಂಟು ಹೊಡೆಯಲು ಅದೇ ನಿಯಮಗಳಲ್ಲಿ ಅವಕಾಶವಿಲ್ಲ. ಹಗಲು ಅಲ್ಲಿ ಕಳೆದು, ಮಲಗಲು ಪಕ್ಕದ ತೋಪಿಗೋ ತೋಟಕ್ಕೋ ಬರುವ ವ್ಯವಸ್ಥೆ ಮಾಡಿಕೊಳ್ಳಿ.

ತೋಟ ಎಂದೆ. ತೆಂಗಿನ ತೋಟದಲ್ಲಿ ಟೆಂಟು ಕೊಡುವವರು ಬಹಳ. ಫೋಟೋದಲ್ಲಿ ತುಂಬ ಚೆಂದ ಕಾಣುತ್ತದೆ. ಆದರೆ ಮರದ ಬುಡಕ್ಕೆ ನೇರವಾಗಿ ಟೆಂಟು ಇರಬಾರದು. ಒಣಗಿದ ಗರಿ ತನ್ನ ಭಾರಕ್ಕೇ ಕಳಚಿ ಬೀಳುತ್ತದೆ. ಕಾಯಿ ಬಿದ್ದರಂತೂ ಟೆಂಟಿನ ಬಟ್ಟೆ ಯಾರನ್ನೂ ಕಾಪಾಡದು. ಎರಡು ಸಾಲುಗಳ ನಡುವಿನ ಬಯಲಲ್ಲಿ ಹಾಕಿಸಿ, ಇಲ್ಲವೇ ಕಾಯಿ ಕೀಳಿಸಿದ್ದಾರೆಯೇ ಎಂದು ಕೇಳಿ. ಗಾಳಿಮರದ ತೋಪಿನಲ್ಲಿ ಆ ಭಯವಿಲ್ಲ, ಉದುರಿದ ಎಳೆಗಳ ಮೆತ್ತನೆಯ ಹಾಸೂ ಸಿಗುತ್ತದೆ. ಆದರೆ ಒಣಗಿದ ಆ ಹಾಸು ಬೆಂಕಿಯ ಕಿಡಿಗೆ ಕಾದಿರುತ್ತದೆ. ಅಲ್ಲಿ ಕ್ಯಾಂಪ್‌ಫೈರ್ ಬೇಡವೇ ಬೇಡ.

ಗಾಳಿ ಹಗಲು ಕಡಲಿನಿಂದ ಬೀಸುತ್ತದೆ, ರಾತ್ರಿ ಭೂಮಿಯಿಂದ. ಬಿಸಿಲಿಗೆ ನೆಲ ಬೇಗ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ, ಕಡಲು ಎರಡರಲ್ಲೂ ನಿಧಾನ. ಗಾಳಿಯ ದಿಕ್ಕು ತಿರುಗುವುದು ಅದರಿಂದ. ಮಧ್ಯಾಹ್ನದ ಮೇಲೆ ಕಡಲಗಾಳಿ ಜೋರಾದಾಗ ಟೆಂಟಿನ ಬಾಗಿಲು ನೀರಿನ ಕಡೆಗೇ ತೆರೆದಿದ್ದರೆ ಅದು ಗಾಳಿ ತುಂಬಿ ಉಬ್ಬಿ ಗೂಟ ಕೀಳುತ್ತದೆ. ಬಾಗಿಲನ್ನು ತುಸು ಓರೆ ಮಾಡಿ. ಮರಳಿನಲ್ಲಿ ನೆಟ್ಟಗೆ ಹೊಡೆದ ಗೂಟ ನಿಲ್ಲುವುದೂ ಇಲ್ಲ. ಮೊಳದುದ್ದದ ಕೋಲಿನ ನಡುವಿಗೆ ಹಗ್ಗ ಬಿಗಿದು, ಅದನ್ನು ಅಡ್ಡ ಮಲಗಿಸಿ, ಮೊಳದಾಳಕ್ಕೆ ಹೂತು ಮೇಲೆ ತುಳಿದರೆ ಮಾತ್ರ ಜಗ್ಗದು. ಚೀಲಕ್ಕೆ ಮರಳು ತುಂಬಿ ಹೂತರೂ ಆದೀತು. ಟೆಂಟಿನ ಜಾಗ ನಡೆಸುವವರು ಇದನ್ನು ಹೇಗೆ ಮಾಡಿದ್ದಾರೆ ಎಂದು ನೋಡಿದರೆ ಸಾಕು, ಅವರಿಗೆ ಕಡಲಿನ ಪರಿಚಯ ಎಷ್ಟಿದೆಯೆಂದು ಗೊತ್ತಾಗುತ್ತದೆ.

ಕುಡಿಯುವ ನೀರಿನ ಬಗ್ಗೆ ಜನ ಕೇಳುವುದೇ ಕಡಿಮೆ. ಕಡಲ ಪಕ್ಕದ ಬಾವಿಯಲ್ಲಿ ಸಿಹಿನೀರು ಹೇಗೆ ಬರುತ್ತದೆ? ಮಳೆಯ ನೀರು ಮರಳಿನೊಳಗೆ ಇಳಿದು, ಭಾರವಾದ ಉಪ್ಪುನೀರಿನ ಮೇಲೆ ಪದರವಾಗಿ ತೇಲುತ್ತಿರುತ್ತದೆ. ಆ ಸಿಹಿನೀರಿನ ಮಟ್ಟ ಕಡಲಿಗಿಂತ ಒಂದು ಮೀಟರು ಮೇಲಿದ್ದರೆ ಕೆಳಗೆ ಸುಮಾರು ನಲವತ್ತು ಮೀಟರು ಸಿಹಿನೀರು ಇರಬಹುದೆಂದು ಭೂಜಲ ತಜ್ಞರ ಲೆಕ್ಕ. ಅಂದರೆ ಪಂಪು ಹಚ್ಚಿ ಮೇಲಿನ ಮಟ್ಟವನ್ನು ಸ್ವಲ್ಪ ಇಳಿಸಿದರೂ ಕೆಳಗಿನಿಂದ ಉಪ್ಪುನೀರು ಬಹಳಷ್ಟು ಮೇಲೇರುತ್ತದೆ. ಏಪ್ರಿಲ್ ಮೇ ಹೊತ್ತಿಗೆ ಕಡಲ ಬದಿಯ ಎಷ್ಟೋ ಬಾವಿಗಳು ಉಪ್ಪಾಗುವುದು ಹೀಗೆ. ಇಪ್ಪತ್ತು ಟೆಂಟು, ಪ್ರತಿಯೊಬ್ಬರಿಗೂ ಷವರ್ ಸ್ನಾನ ಎಂದರೆ ಪಕ್ಕದ ಮನೆಯವರ ಬಾವಿ ಕೆಡುತ್ತದೆ. ಶೌಚಗುಂಡಿ ಬಾವಿಗೆ ಹತ್ತಿರವಿದ್ದರೆ ಇನ್ನೂ ಕಷ್ಟ, ಮರಳು ಕೊಳೆಯನ್ನು ಬೇಗ ದಾಟಿಸುತ್ತದೆ. ನೀರು ಎಲ್ಲಿಂದ, ಗುಂಡಿ ಎಲ್ಲಿ, ಎರಡನ್ನೂ ಸಂಕೋಚವಿಲ್ಲದೆ ಕೇಳಿ.

ಈಜುವ ಆಸೆ ಇದ್ದವರು ಟೆಂಟಿನ ಎದುರಿನ ನೀರನ್ನು ಎತ್ತರದಿಂದ ಹತ್ತು ನಿಮಿಷ ನೋಡಬೇಕು. ಎರಡು ಬದಿಯಲ್ಲಿ ಅಲೆ ಒಡೆಯುತ್ತಿದ್ದು ನಡುವೆ ಒಂದು ಕಡೆ ಒಡೆಯದೆ, ನೀರು ಕಪ್ಪಾಗಿ ಸಪಾಟಾಗಿ, ನೊರೆ ಕಡಲಿನತ್ತ ಹೋಗುತ್ತಿದ್ದರೆ ಅದೇ ಸೆಳೆತದ ಜಾಗ. ಗೊತ್ತಿಲ್ಲದವರು ಶಾಂತವಾಗಿದೆ ಎಂದು ಅಲ್ಲಿಗೇ ಇಳಿಯುತ್ತಾರೆ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ಶಾಲಾ ಹುಡುಗಿಯರು ನೀರುಪಾಲಾದರು. ಅದು ಮಳೆಗಾಲವಲ್ಲ, ಪ್ರವಾಸಕ್ಕೆ ಒಳ್ಳೆಯದೆಂದು ನಾವೆಲ್ಲ ಹೇಳುವ ತಿಂಗಳು. ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ನೇರ ಈಜಿ ಸುಸ್ತಾಗಬಾರದು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಜೀವರಕ್ಷಕರಿಲ್ಲದ ದಂಡೆಯಲ್ಲಿ ಮಕ್ಕಳನ್ನು ಮೊಣಕಾಲು ಮುಳುಗುವ ನೀರಿಗೂ ಒಂಟಿಯಾಗಿ ಬಿಡಬೇಡಿ.

ಆ ದಂಡೆಗೆ ನಮಗಿಂತ ಮೊದಲಿನ ಹಕ್ಕುದಾರರೂ ಇದ್ದಾರೆ. ಬೆಳಗಿನ ಜಾವ ಕೈರಂಪಣಿ ಬಲೆ ಎಳೆಯುವ ಜಾಗದಲ್ಲಿ, ನಾಡದೋಣಿ ಏರಿಸುವ ದಾರಿಯಲ್ಲಿ ಟೆಂಟು ಇರಬಾರದು. ಚಳಿಗಾಲದ ರಾತ್ರಿಗಳಲ್ಲಿ ಆಲಿವ್ ರಿಡ್ಲೆ ಕಡಲಾಮೆಗಳು ಹೊನ್ನಾವರ, ಕುಂದಾಪುರದ ಕಡೆಯ ದಂಡೆಗಳಿಗೆ ಬಂದು ಮರಳು ತೋಡಿ ನೂರರಷ್ಟು ಮೊಟ್ಟೆ ಇಡುತ್ತವೆ. ಒಂದೂವರೆ ಎರಡು ತಿಂಗಳಲ್ಲಿ ಮರಿಗಳು ಹೊರಬಂದು, ಬೆಳಕು ಹೆಚ್ಚಿರುವ ದಿಕ್ಕೇ ಕಡಲೆಂದು ನಂಬಿ ಹೊರಡುತ್ತವೆ. ನಮ್ಮ ಟೆಂಟಿನ ಬಣ್ಣದ ದೀಪದ ಸರ ಅವನ್ನು ತಪ್ಪು ದಾರಿಗೆ ಎಳೆಯುತ್ತದೆ. ಕಡಲಿಗೆ ಎದುರಾಗಿ ರಾತ್ರಿಯಿಡೀ ದೀಪ ಉರಿಸುವ ಜಾಗವನ್ನು ನಾನು ಆರಿಸುವುದಿಲ್ಲ. ದೀಪ ಕಡಿಮೆಯಿದ್ದರೆ ನಮಗೂ ಲಾಭ: ಅದೃಷ್ಟವಿದ್ದ ರಾತ್ರಿ ಒಡೆಯುವ ಅಲೆಯ ಅಂಚಿನಲ್ಲಿ ಸೂಕ್ಷ್ಮಜೀವಿಗಳು ಹೊಮ್ಮಿಸುವ ನೀಲಿ ಬೆಳಕು ಕಾಣಸಿಗುತ್ತದೆ.

ಕಾನೂನಿನ ಮಾತು ಚಿಕ್ಕದಾಗಿ ಹೇಳುತ್ತೇನೆ. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ, ಗ್ರಾಮೀಣ ದಂಡೆಗಳಲ್ಲಿ ಪ್ರವಾಸಿಗರಿಗಾಗಿ ಕಟ್ಟುವ ತಾತ್ಕಾಲಿಕ ವ್ಯವಸ್ಥೆಗಳೂ ಉಬ್ಬರದ ಗೆರೆಯಿಂದ ಕನಿಷ್ಠ ಹತ್ತು ಮೀಟರು ದೂರವಿರಬೇಕೆನ್ನುತ್ತದೆ. ಹತ್ತು ಮೀಟರು ನನಗೆ ಸಾಲದೆನಿಸುತ್ತದೆ, ಆದರೆ ಅಷ್ಟನ್ನೂ ಪಾಲಿಸದವರ ಬಳಿ ಹೋಗುವುದೇ ಬೇಡ. ಅನುಮತಿ ಇದೆಯೇ ಎಂದು ಕೇಳಿದರೆ ಸಿಡುಕುವವರನ್ನೂ ಬಿಟ್ಟುಬಿಡಿ.

ಎಲ್ಲ ವಿಚಾರಿಸಿ ಗೊತ್ತುಮಾಡಿದ ಮೇಲೂ, ಸೂರ್ಯ ಮುಳುಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ತಲುಪುವಂತೆ ಮನೆ ಬಿಡಿ. ಸಾಮಾನು ಇಳಿಸುವ ಮುಂಚೆ ನೀರಿನಂಚಿನಿಂದ ಟೆಂಟಿನವರೆಗೆ ಒಮ್ಮೆ ನಡೆದುನೋಡಿ, ಆ ಊರಿನ ಮೀನುಗಾರರು ಯಾರಾದರೂ ಸಿಕ್ಕರೆ, “ಅಣ್ಣ, ಇವತ್ತು ರಾತ್ರಿ ನೀರು ಎಲ್ಲಿವರೆಗೆ ಬರ್ತದೆ?” ಎಂದು ಕೇಳಿ. ಅವರು ತೋರಿಸಿದ ಜಾಗಕ್ಕೂ ನಿಮ್ಮ ಟೆಂಟಿಗೂ ನಡುವೆ ಸಾಕಷ್ಟು ಅಂತರ ಕಾಣದಿದ್ದರೆ ಟೆಂಟನ್ನು ಹಿಂದಕ್ಕೆ ಹಾಕಿಸಿಕೊಳ್ಳಿ. ಅದಕ್ಕೆ ಒಪ್ಪದಿದ್ದರೆ ಬೇರೆ ಜಾಗ ಹುಡುಕಿಕೊಳ್ಳಲು ಬೆಳಕು ಇನ್ನೂ ಉಳಿದಿರುತ್ತದೆ.