ಸಹಾಯ ಕಾಲಕ್ಕೆ ತಕ್ಕಂತಿರಲಿ

(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ಶಿಕ್ಷಣ ಸಂಘ ಎಂದ ಕೂಡಲೇ ಫೀಸು ಕಟ್ಟುವುದು, ನೋಟ್ ಪುಸ್ತಕ ಹಂಚುವುದು, ಹೆಚ್ಚು ಅಂಕ ಪಡೆದವರಿಗೆ ಬಹುಮಾನ ಕೊಡುವುದು ನೆನಪಿಗೆ ಬರುತ್ತದೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೆ ಮಗುವಿನ ಓದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಗೆ ನಮ್ಮ ಸಹಾಯ ತಲುಪಬೇಕು. ಆ ಜಾಗ ಕಾಲಕಾಲಕ್ಕೆ ಬದಲಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಇದಕ್ಕೆ ದೂರದ ಉದಾಹರಣೆ ಬೇಡ. ನಮ್ಮ ಕೊಪ್ಪದ ಸಹಕಾರ ಸಾರಿಗೆಯನ್ನೇ ನೋಡಿ. ಕೆಲಸ ಕೊಡುತ್ತಿದ್ದ ಖಾಸಗಿ ಕಂಪನಿ ನಿಂತಾಗ ಕಾರ್ಮಿಕರೇ ಒಟ್ಟುಗೂಡಿ 1991ರಲ್ಲಿ ಕಟ್ಟಿದ ಸಂಸ್ಥೆ ಅದು. 6 ಬಸ್ಸುಗಳಿಂದ ಆರಂಭವಾಗಿ 70ಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ಆ ಪಾಸನ್ನು ಯಾರೂ ವಿದ್ಯಾರ್ಥಿವೇತನ ಎಂದು ಕರೆಯಲಿಲ್ಲ. ಆದರೂ ತೋಟದ ಲೈನ್ ಮನೆಯ ಹುಡುಗಿಯನ್ನು ಕಾಲೇಜಿಗೆ ಮುಟ್ಟಿಸಿದ್ದು ಅದೇ. ಡೀಸೆಲ್ ಹಾಗೂ ಬಿಡಿಭಾಗಗಳ ಬೆಲೆ ಏರಿತು, ಮನೆಮನೆಗೆ ಬೈಕು ಬಂದು ಪ್ರಯಾಣಿಕರು ಕಡಿಮೆಯಾದರು. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಅಂದಿನಿಂದ ಎಷ್ಟೋ ಮನೆಗಳಲ್ಲಿ ಫೀಸಿಗಿಂತ ಬಸ್ ಚಾರ್ಜೇ ದೊಡ್ಡ ಪ್ರಶ್ನೆಯಾಯಿತು.

2023ರ ಜೂನ್‌ನಲ್ಲಿ ಸರ್ಕಾರ ಶಕ್ತಿ ಯೋಜನೆ ತಂದಿತು. ಹೆಣ್ಣುಮಕ್ಕಳಿಗೆ ದೊಡ್ಡ ಅನುಕೂಲವೇ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಖಾಸಗಿ ಬಸ್ಸೇ ಗತಿಯಾದ ಮಲೆನಾಡಿನ ಹಳ್ಳಿಗೆ ಅದು ಪೂರ್ತಿ ತಲುಪುವುದಿಲ್ಲ. ಇನ್ನೊಂದು ಕಡೆ, ಅಲ್ಪಸಂಖ್ಯಾತರ ಮಕ್ಕಳಿಗೆ 1ರಿಂದ 8ನೇ ತರಗತಿಯವರೆಗೆ ಸಿಗುತ್ತಿದ್ದ ಕೇಂದ್ರದ ವಿದ್ಯಾರ್ಥಿವೇತನ 2022ರಲ್ಲಿ ನಿಂತಿತು. ಒಂದು ಬಾಗಿಲು ತೆರೆದರೆ ಮತ್ತೊಂದು ಮುಚ್ಚುತ್ತದೆ. ಇದನ್ನು ಗಮನಿಸದೆ ಹತ್ತು ವರ್ಷದ ಹಿಂದಿನ ಪಟ್ಟಿಯನ್ನೇ ಮುಂದುವರಿಸಿದರೆ ದಾನಿಗಳ ಹಣ ಖರ್ಚಾಗುತ್ತದೆ, ಮಗು ಮಾತ್ರ ಮನೆಯಲ್ಲೇ ಉಳಿಯುತ್ತದೆ.

ದೊಡ್ಡ ಸಂಸ್ಥೆಗಳೂ ಕಾಲಕ್ಕೆ ತಕ್ಕಂತೆ ಬದಲಾಗಿವೆ. ಅಜೀಂ ಪ್ರೇಮ್‌ಜಿ ಫೌಂಡೇಶನ್ ಸರ್ಕಾರಿ ಶಾಲೆಗಳ ಕಲಿಕೆ ಸುಧಾರಿಸುವ ಕೆಲಸದಿಂದ ಆರಂಭಿಸಿತು. ಮುಂದೆ ಇತರ ಸೇವಾಸಂಸ್ಥೆಗಳಿಗೂ ಧನಸಹಾಯ ನೀಡತೊಡಗಿತು. ಹಸಿದ ಮಗು ಕಲಿಯಲಾರದು ಎಂದು ಮನಗಂಡು, ನಮ್ಮ ರಾಜ್ಯದ ಶಾಲೆಗಳಲ್ಲಿ ವಾರಕ್ಕೆ 2 ದಿನವಿದ್ದ ಮೊಟ್ಟೆಯನ್ನು 6 ದಿನಕ್ಕೆ ಏರಿಸಲು 2024ರಲ್ಲಿ 3 ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿತು. ಸರ್ಕಾರಿ ಶಾಲೆಯಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ವರ್ಷಕ್ಕೆ 30,000 ರೂಪಾಯಿಯನ್ನು ನೇರವಾಗಿ ಅವರ ಖಾತೆಗೇ ಹಾಕುತ್ತಿದೆ. ಅರ್ಹರಾದವರು ತಪ್ಪದೆ ಅರ್ಜಿ ಹಾಕಿ.

ನಮ್ಮದು ಸಣ್ಣ ಸಂಘ. ಆದರೆ ಸಣ್ಣ ಸಂಘಕ್ಕೆ ಮನೆಮನೆಯ ಪರಿಚಯವಿರುತ್ತದೆ. ಅದು ದೊಡ್ಡವರಿಗಿಲ್ಲದ ಬಲ. ಆದ್ದರಿಂದ ಮೂರು ಸಲಹೆಗಳನ್ನು ನಿಮ್ಮ ಮುಂದಿಡುತ್ತೇನೆ.

ಒಂದು, ಪ್ರತಿ ವರ್ಷ ಏಪ್ರಿಲ್‌ನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಮನೆಗಳಿಗೆ ಹೋಗಿ, ಓದು ಬಿಟ್ಟವರನ್ನು ಏಕೆ ಬಿಟ್ಟಿರಿ ಎಂದು ಕೇಳೋಣ. ಅಂಕ ಪಡೆದವರ ಹೆಸರು ನಮಗೆ ತಾನಾಗಿ ಬರುತ್ತದೆ, ಬಿಟ್ಟವರ ಹೆಸರು ಬರುವುದಿಲ್ಲ. ಎರಡು, ಸಹಾಯವನ್ನು ಜೂನ್‌ನಲ್ಲೇ ಕೊಡೋಣ. ಹಾಸ್ಟೆಲ್ ಸೇರಲು ಬೇಕಾದ ಹಣ ಡಿಸೆಂಬರ್‌ನ ವೇದಿಕೆಯ ಮೇಲೆ ಹಾರದ ಜೊತೆ ಸಿಕ್ಕರೆ ಪ್ರಯೋಜನವೇನು? ಮೂರು, ನಿಧಿಯ ಒಂದು ಪಾಲನ್ನು ಯಾವ ಹೆಸರಿಗೂ ಕಟ್ಟದೆ ಇಡೋಣ. ಅದು ಬಸ್ ಚಾರ್ಜಿಗಾಗಲಿ, ಕನ್ನಡಕಕ್ಕಾಗಲಿ, ಪರೀಕ್ಷಾ ಶುಲ್ಕಕ್ಕಾಗಲಿ ಒದಗಲಿ. ದಾನಿಗಳು ಇದಕ್ಕೆ ಒಪ್ಪಬೇಕು. ಪೈಸೆ ಪೈಸೆಯ ಲೆಕ್ಕವನ್ನು ಸಂಘ ಒಪ್ಪಿಸಬೇಕು.

ವಿದ್ಯಾರ್ಥಿಗಳೇ, ನಿಮ್ಮ ತೊಂದರೆ ಹೇಳಿಕೊಳ್ಳಲು ಸಂಕೋಚಪಡಬೇಡಿ. ನೀವು ಹೇಳಿದರೆ ಮಾತ್ರ ಸಂಘಕ್ಕೆ ದಾರಿ ತಿಳಿಯುತ್ತದೆ. ನಾಳೆ ನೀವೇ ಕೊಡುವ ಸ್ಥಾನದಲ್ಲಿ ನಿಂತಾಗ, ಕೊಡುವ ಮೊದಲು ಏನು ಬೇಕೆಂದು ಕೇಳಿ.