ವಿಳಂಬವೆಂಬ ಮೊದಲ ಪಾಠ



ಸ್ವಯಂನಿಯಂತ್ರಣ ಶಾಸ್ತ್ರದ ಹೊಸ್ತಿಲಿಗೆ ಬಂದ ವಿದ್ಯುತ್ ಎಂಜಿನಿಯರಿಂಗ್ ವಿದ್ಯಾರ್ಥಿಯ ಕೈಗೆ ನಾವು ಮೊತ್ತಮೊದಲು ಇಡುವುದು ಲಾಪ್ಲಾಸ್ ರೂಪಾಂತರದ ಕೋಷ್ಟಕವನ್ನು. ಆತನು ಅದನ್ನು ಉರುಹೊಡೆದು, ಸ್ಥಿರತೆಯನ್ನು ಪರೀಕ್ಷಿಸುವ ರೌತ್‌ನ ಕೋಷ್ಟಕದ ಸಾಲುಗಳನ್ನು ತಪ್ಪಿಲ್ಲದೆ ತುಂಬಿ, ಉತ್ತಮ ಶ್ರೇಣಿಯಲ್ಲಿ ಉತ್ತೀರ್ಣನಾದ ಮೇಲೆಯೂ, ಕಾರ್ಖಾನೆಯಲ್ಲಿ ಒಂದು ವಾಲ್ವ್ ಏತಕ್ಕೆ ಎಡೆಬಿಡದೆ ತೆರೆದು ಮುಚ್ಚುತ್ತಿದೆಯೆಂದು ಕೇಳಿದರೆ ನಿರುತ್ತರನಾಗುತ್ತಾನೆ. ಗಣಿತವು ಬೇಡವೆಂದು ನಾನು ಹೇಳುತ್ತಿಲ್ಲ. ಕಾರ್ಯಕ್ಕೂ ಅದರ ಫಲಕ್ಕೂ ನಡುವೆ ಇರುವ ವಿಳಂಬವನ್ನು ಕಣ್ಣಾರೆ ಕಾಣದವನಿಗೆ ಆ ಗಣಿತವು ಯಾವ ಪ್ರಶ್ನೆಗೆ ಉತ್ತರವೆಂಬುದೇ ತಿಳಿಯದು ಎಂಬುದಷ್ಟೇ ನನ್ನ ವಾದ.

ಮಸ್ಕತ್ತಿನ ಈ ಸಭಾಂಗಣದ ಏ.ಸಿ.ಯನ್ನೇ ತೆಗೆದುಕೊಳ್ಳಿರಿ. 24 ಡಿಗ್ರಿಗೆ ಇಟ್ಟ ಸಾಮಾನ್ಯ ಥರ್ಮೋಸ್ಟ್ಯಾಟ್ ಸರಿಯಾಗಿ 24ರಲ್ಲಿಯೇ ಕಂಪ್ರೆಸರನ್ನು ನಿಲ್ಲಿಸಿ, ಕೂದಲೆಳೆಯಷ್ಟು ಏರಿದೊಡನೆ ಮತ್ತೆ ಹೂಡುವಂತಿದ್ದರೆ, ಆ ಯಂತ್ರವು ಬಹುಕಾಲ ಬಾಳದು. ಆದುದರಿಂದಲೇ ನಿಲ್ಲುವ ಬಿಂದುವಿಗೂ ಹೊರಡುವ ಬಿಂದುವಿಗೂ ನಡುವೆ ಸ್ವಲ್ಪ ಅಂತರವನ್ನು ಉದ್ದೇಶಪೂರ್ವಕವಾಗಿ ಇಟ್ಟಿರುತ್ತಾರೆ. ನಿಂತ ಕಂಪ್ರೆಸರ್ ಕೆಲವು ನಿಮಿಷ ಕಾದೇ ಹೊರಡುವುದು ಒಳಗಿನ ಅನಿಲದ ಒತ್ತಡ ಎರಡೂ ಕಡೆ ಸಮವಾಗಲೆಂದು. ಈ ಕಾರಣವನ್ನರಿಯದೆ ರಿಮೋಟನ್ನು ಒತ್ತಿದ್ದೇ ಒತ್ತುವ ಮಹನೀಯರು ಪ್ರತಿಯೊಂದು ಮನೆಯಲ್ಲಿಯೂ ಒಬ್ಬರಿರುತ್ತಾರೆ.

ಇದಕ್ಕಿಂತ ಗಹನವಾದ ಉದಾಹರಣೆಯು ನಮ್ಮ ಕನ್ನಡ ನಾಡಿನ ಜಲವಿದ್ಯುದಾಗಾರಗಳಲ್ಲಿದೆ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹರಿದ ಸಂಗತಿಯನ್ನು ನಾವು ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ಹೊರೆಯು ಏರಿಳಿದಂತೆಲ್ಲ ಟರ್ಬೈನಿನ ವೇಗವನ್ನು ಸ್ಥಿರವಾಗಿಡುವ ಗವರ್ನರಿನ ಕಷ್ಟವನ್ನು ಸ್ಮರಿಸುವವರು ವಿರಳ. ಹೊರೆ ಹೆಚ್ಚಿ ವೇಗ ಕುಗ್ಗಿತೆನ್ನಿ. ಗವರ್ನರ್ ನೀರಿನ ದ್ವಾರವನ್ನು ಅಗಲಿಸುತ್ತದೆ. ಆಗ ಶಕ್ತಿಯು ಒಡನೆಯೇ ಹೆಚ್ಚಬೇಕೆಂದು ಯಾರಾದರೂ ಭಾವಿಸಿಯಾರು. ವಾಸ್ತವದಲ್ಲಿ ನಡೆಯುವುದು ತದ್ವಿರುದ್ಧ! ಟರ್ಬೈನಿಗೆ ನೀರು ತರುವ ಉದ್ದನೆಯ ಕೊಳವೆಯಾದ ಪೆನ್‌ಸ್ಟಾಕ್‌ನಲ್ಲಿರುವ ಜಲರಾಶಿಯು ತನ್ನ ಜಡತ್ವದಿಂದಾಗಿ ಕ್ಷಣಮಾತ್ರದಲ್ಲಿ ವೇಗವನ್ನು ಪಡೆಯಲಾರದು; ಬಾಯಿ ಅಗಲವಾಯಿತು, ಹರಿವು ಇನ್ನೂ ಹೆಚ್ಚಲಿಲ್ಲ, ಆದಕಾರಣ ದ್ವಾರದ ಬಳಿಯ ಒತ್ತಡವು ಕುಸಿದು, ಮೊದಲ ಕ್ಷಣಗಳಲ್ಲಿ ಶಕ್ತಿಯು ಇದ್ದುದಕ್ಕಿಂತಲೂ ಇಳಿಯುತ್ತದೆ. ಆತುರಗಾರ ಗವರ್ನರ್ ಆ ಇಳಿತವನ್ನು ಕಂಡು ದ್ವಾರವನ್ನು ಇನ್ನಷ್ಟು ತೆರೆದರೆ, ನೀರು ವೇಗಗೊಂಡು ಬಂದಾಗ ಯಂತ್ರವು ಮಿತಿಮೀರಿ ಓಡಿ, ಮುಚ್ಚು, ತೆರೆ, ಮುಚ್ಚು ಎಂಬ ತೂಗಾಟಕ್ಕೆ ಸಿಕ್ಕಿಬೀಳುತ್ತದೆ. ಪ್ಲ್ಯಾಂಟಿನವರು ‘ಹಂಟಿಂಗ್’ ಎನ್ನುವುದು ಇದನ್ನೇ. ಜಲವಿದ್ಯುತ್ ಗವರ್ನರಿಗೆ ತಾತ್ಕಾಲಿಕವಾಗಿ ಕೈಬಿಗಿಹಿಡಿಯುವ ಡ್ಯಾಶ್‌ಪಾಟ್ ಜೋಡಿಸಿದುದು ಈ ಕಾರಣಕ್ಕಾಗಿ.

ವಾಟ್ 1788ರಲ್ಲಿ ಗವರ್ನರನ್ನು ಉಗಿಯಂತ್ರಕ್ಕೆ ಅಳವಡಿಸಿದ ಬಳಿಕ, ಈ ತೂಗಾಟದ ಗಣಿತವನ್ನು ಮ್ಯಾಕ್ಸ್‌ವೆಲ್ ಪ್ರಕಟಿಸಿದುದು 1868ರಲ್ಲಿ. ಅಂದರೆ ಎಂಬತ್ತು ವರ್ಷ ಯಂತ್ರವೇ ಮುಂದೆ, ಸಮೀಕರಣ ಹಿಂದೆ. ಪಾಠಕ್ರಮವೂ ಇದೇ ಅನುಕ್ರಮದಲ್ಲಿ ಸಾಗಿದರೆ ತಪ್ಪೇನು? ವಾಟ್‌ನ ಹೆಸರನ್ನು ಹೇಳುವ ನಾವು, ಪುಣೆಯ ಸಮೀಪದ ಖಡಕವಾಸಲಾದಲ್ಲಿ ಜಲಮಟ್ಟವು ಏರಿದಾಗ ತಾವಾಗಿ ತೆರೆಯುವ ಬಾಗಿಲುಗಳನ್ನು ಸ್ಥಾಪಿಸಿದ ವಿಶ್ವೇಶ್ವರಯ್ಯನವರನ್ನು ನಿಯಂತ್ರಣ ಶಾಸ್ತ್ರದ ತರಗತಿಯಲ್ಲಿ ನೆನೆಯದಿರುವುದು ನನಗೆ ಸೋಜಿಗ.

ಈ ವಿಳಂಬದ ಪ್ರಶ್ನೆಯು ಹಳೆಯದಾಗಿಲ್ಲ. ಒಮಾನಿನ ಇಬ್ರಿಯಲ್ಲಿ 500 ಮೆಗಾವಾಟ್ ಸೌರಸ್ಥಾವರವಿದೆ. ನಮ್ಮ ಪಾವಗಡದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಅನಿಲದ ಟರ್ಬೈನಿನ ಭಾರವಾದ ರೋಟರು ತಿರುಗುತ್ತಿರುವಾಗ, ಬೇರೊಂದು ಜನರೇಟರ್ ಗ್ರಿಡ್ಡಿನಿಂದ ತಟಕ್ಕನೆ ಕಳಚಿದರೂ, ಆ ರೋಟರಿನಲ್ಲಿ ಸಂಚಿತವಾದ ಚಲನಶಕ್ತಿಯು 50 ಹರ್ಟ್ಸ್ ಆವೃತ್ತಿಯನ್ನು ಕೆಲವು ಸೆಕೆಂಡು ಆತುಕೊಂಡು ಗವರ್ನರಿಗೆ ಅವಕಾಶ ಕೊಡುತ್ತದೆ. ಸೌರಫಲಕದಲ್ಲಿಯಾದರೋ ತಿರುಗುವುದೇನೂ ಇಲ್ಲ. ಆ ಅವಕಾಶವನ್ನು ಇನ್ವರ್ಟರಿನ ಒಳಗಿನ ನಿಯಂತ್ರಣಸೂತ್ರವೇ ಒದಗಿಸಬೇಕು. 2022ರ ಸೆಪ್ಟೆಂಬರ್ 5ರಂದು ಮಸ್ಕತ್ತು ವಿದ್ಯುತ್ತಿಲ್ಲದೆ ಕಳೆದ ಹೊತ್ತನ್ನು ಇಲ್ಲಿ ಅನೇಕರು ಬಲ್ಲರು. ಗ್ರಿಡ್ಡಿನ ಸಮತೋಲನವು ಕೇವಲ ಪುಸ್ತಕದ ವಿಷಯವೆಂದು ಅವರಾರೂ ಹೇಳರು.

ಇಂಥ ವಿಳಂಬವನ್ನು ಎದುರಿಸಲು ಬಳಸುವ ಪಿ.ಐ.ಡಿ. ನಿಯಂತ್ರಕದ ಕುರಿತು ಎರಡು ಮಾತು. 1922ರಲ್ಲಿ ಮಿನೋರ್ಸ್ಕಿಯು ಹಡಗಿನ ಚುಕ್ಕಾಣಿಯ ಬಗ್ಗೆ ಬರೆದಾಗ ಗಮನಿಸಿದುದು, ನುರಿತ ಚುಕ್ಕಾಣಿಗನು ದಿಕ್ಕು ಎಷ್ಟು ತಪ್ಪಿದೆಯೆಂಬುದನ್ನು ಮಾತ್ರ ನೋಡದೆ, ಎಷ್ಟು ಬೇಗ ತಪ್ಪುತ್ತಿದೆಯೆಂಬುದನ್ನೂ ನೋಡಿ ಮುಂಚಿತವಾಗಿಯೇ ಕೈ ಹಿಂದೆಗೆಯುತ್ತಾನೆ ಎಂಬುದನ್ನು. ಪಿ.ಐ.ಡಿ.ಯ ಮೂರು ಅಕ್ಷರಗಳಲ್ಲಿ ಕೊನೆಯದಾದ ‘ಡಿ’ಯ ಕೆಲಸ ಇದೇ.

ಆದುದರಿಂದ ಈ ಸಂಕಿರಣದ ಸಂಯೋಜಕರಲ್ಲಿ ನನ್ನದೊಂದು ಕೋರಿಕೆ. ಮೊದಲನೆಯ ಗೋಷ್ಠಿಯಲ್ಲಿ ಕಪ್ಪುಹಲಗೆಯನ್ನು ಬದಿಗಿಟ್ಟು, ಒಂದು ನೀರಿನ ತೊಟ್ಟಿ, ಒಂದು ಪಂಪು, ಮಟ್ಟವನ್ನಳೆಯುವ ಒಂದು ಸೆನ್ಸರ್, ಇಷ್ಟನ್ನು ಮೇಜಿನ ಮೇಲಿಡಿರಿ. ವಿದ್ಯಾರ್ಥಿಯೇ ನಿಯಂತ್ರಕದ ಗೇನನ್ನು ಮೆಲ್ಲಮೆಲ್ಲನೆ ಏರಿಸಲಿ. ಮಟ್ಟವು ನಿಲ್ಲದೆ ಒಂದೇ ಸಮನೆ ತೂಗತೊಡಗಿದಾಗ, ಆ ಗೇನನ್ನೂ ತೂಗಾಟದ ಅವಧಿಯನ್ನೂ ಬರೆದುಕೊಳ್ಳಲಿ. 1942ರಲ್ಲಿ ಝೀಗ್ಲರ್ ಮತ್ತು ನಿಕೋಲ್ಸ್ ಟ್ಯೂನಿಂಗ್‌ಗೆ ಆಧಾರವಾಗಿ ಕೇಳಿದುದು ಈ ಎರಡೇ ಅಂಕಿಗಳನ್ನು. ರೌತ್‌ನ ಕೋಷ್ಟಕವನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ಬಿಡಿಸಬಹುದು. ಆ ಹೊತ್ತಿಗೆ ಅದು ಏತಕ್ಕೆ ಬೇಕೆಂದು ವಿದ್ಯಾರ್ಥಿಗಳೇ ಕೇಳುತ್ತಿರುತ್ತಾರೆ.